ಒಂದು ಏಟು ಇನ್ನೊಂದನ್ನು ಕರೆತರದಿರಲಿ

ಈ ಅಂಕಣ ಓದಿ ಫೋನ್ ಮಾಡುವ ರೈತರ ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆ ಬೇರೆ, ಒಳಗೆ ಒಂದೇ. ‘ಸಾರ್, ನಾಲ್ಕೆಕರೆ ಐತೆ. ತೆಂಗು ಮೊದಲಿನಂಗಿಲ್ಲ. ಕಿತ್ತಾಕಿ ಅಡಿಕೆ ಇಟ್ಬಿಡನಾ?’ ಎಂದು ಅರಸೀಕೆರೆ ಕಡೆಯವರು ಕೇಳುತ್ತಾರೆ. ಸಾಲ ಮಾಡಿ ಇನ್ನೊಂದು ಬೋರ್ ಕೊರೆಸಬಹುದೇ, ಇರುವ ಎರಡು ಹಸು ಉಳಿಸಿಕೊಳ್ಳಬೇಕೇ ಮಾರಬೇಕೇ, ಅಣ್ಣತಮ್ಮಂದಿರು ಈಗಲೇ ಭಾಗವಾಗುವುದು ಒಳ್ಳೆಯದೇ ಎಂದು ಕೇಳುವವರೂ ಇದ್ದಾರೆ. ಎಲ್ಲದರ ಹಿಂದಿರುವ ಕಳವಳ ಮುಂದೆ ಹೇಗೆ ಎನ್ನುವುದೇ. ನಾನು ಕೊಡುವ ಉತ್ತರ ಹಲವರಿಗೆ ನಿರಾಸೆ ತರುತ್ತದೆ. ಯಾವ ಬೆಳೆಗೆ ಮುಂದಿನ ಹತ್ತು ವರ್ಷ ಬೆಲೆ ನಿಲ್ಲುತ್ತದೆ ಎಂದು ನಾನು ಹೇಳಲಾರೆ. ಹೇಳುವವರು ಸಿಕ್ಕರೆ ನಂಬಬೇಡಿ ಎಂದೂ ಸೇರಿಸುತ್ತೇನೆ. ಆದರೆ ಆ ಹತ್ತು ವರ್ಷದಲ್ಲಿ ಎರಡು ಮೂರಾದರೂ ಕೆಟ್ಟ ವರ್ಷ ಬಂದೇ ಬರುತ್ತವೆ ಎಂದು ಧೈರ್ಯವಾಗಿ ಹೇಳಬಲ್ಲೆ. ನಾವು ಸಿದ್ಧರಾಗಬೇಕಾದ್ದು ಆ ವರ್ಷಗಳಿಗೆ.

ನಾನು ಹುಟ್ಟಿ ಬೆಳೆದದ್ದು ತಿಪಟೂರು ಸೀಮೆಯಲ್ಲಿ. ತೆಂಗು, ರಾಗಿ, ಕೊಟ್ಟಿಗೆಯ ಒಂದೆರಡು ಎಮ್ಮೆಗಳನ್ನು ನಂಬಿದ ಮನೆಯಲ್ಲಿ. ಬರ ಕಳೆದ ಮೇಲೂ ಜಮೀನು ಉಳಿಸಿಕೊಂಡ ಮನೆಗಳನ್ನು ಕಂಡಿದ್ದೇನೆ, ಒಂದೊಂದೇ ಎಕರೆ ಕಳೆದುಕೊಂಡು ಕೊನೆಗೆ ಬೆಂಗಳೂರಿನ ಪೀಣ್ಯಕ್ಕೆ ಹೋದ ಮನೆಗಳನ್ನೂ ಕಂಡಿದ್ದೇನೆ. ಎರಡು ಬಗೆಯವರಿಗೂ ಬಿದ್ದ ಮಳೆ ಒಂದೇ, ಸಿಕ್ಕ ಬೆಲೆ ಒಂದೇ. ದುಡಿಮೆಯಲ್ಲಿ ಯಾರೂ ಕಡಿಮೆಯವರಲ್ಲ. ಹಾಗಿದ್ದೂ ಹಣೆಬರಹ ಬೇರೆಯಾದದ್ದು ಏಕೆಂದು ಯೋಚಿಸುತ್ತ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ರೈತ ಕುಟುಂಬ ಒಂದೇ ಏಟಿಗೆ ಬೀಳುವುದಿಲ್ಲ. ಮಳೆ ಕೈಕೊಟ್ಟರೆ ತಡೆದುಕೊಳ್ಳುತ್ತದೆ. ಬೆಲೆ ಬಿದ್ದರೆ ಹೊಟ್ಟೆ ಬಟ್ಟೆ ಕಟ್ಟಿ ವರ್ಷ ದೂಡುತ್ತದೆ. ಮನೆಯ ಯಜಮಾನ ತೀರಿಕೊಂಡರೂ ಅತ್ತು, ಎದ್ದು, ಮತ್ತೆ ಹೊಲಕ್ಕೆ ಹೋಗುತ್ತದೆ. ಕುಟುಂಬ ಬೀಳುವುದು ಎರಡು ಮೂರು ಏಟು ಒಟ್ಟಿಗೆ ಬಿದ್ದಾಗ. ಬಹಳ ಸಲ ಅವು ಒಟ್ಟಿಗೆ ಬೀಳುವುದಕ್ಕೆ ಕಾರಣ, ಮೊದಲನೆಯದು ಎರಡನೆಯದನ್ನು ಕೈಹಿಡಿದು ಕರೆತರುವುದು. ಆ ಕೊಂಡಿಯನ್ನು ಮೊದಲೇ ಕತ್ತರಿಸಿಡುವುದೇ ನಾನು ಹೇಳುವ ಸಿದ್ಧತೆ.

ಬೆಲೆಯನ್ನು ಊಹಿಸುವುದು ಎಷ್ಟು ಕಷ್ಟ ಎನ್ನುವುದಕ್ಕೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗಿಂತ ಬೇರೆ ಸಾಕ್ಷಿ ಬೇಕಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ಹರಾಜಿನಲ್ಲಿ ಬೆಲೆ ಒಂಬತ್ತು ಸಾವಿರದ ಕೆಳಗಿಳಿಯಿತು. ರೈತರು ಬೀದಿಗಿಳಿದರು, ನಾಫೆಡ್ ಖರೀದಿಗೆ ಒತ್ತಾಯಿಸಿದರು, ತೆಂಗಿನ ಕಾಲ ಮುಗಿಯಿತು ಎನ್ನುವ ಮಾತು ಹಳ್ಳಿಯ ಕಟ್ಟೆಕಟ್ಟೆಯ ಮೇಲೂ ಕೇಳಿಬಂತು. 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ ಬೆಲೆ 20 ಸಾವಿರ ದಾಟಿತು. 2023ರ ಬೆಲೆ ನೋಡಿ ಮರ ಕಡಿಯಲು ಹೊರಟವರಿಗೆ 2025 ಹೀಗಿರುತ್ತದೆಂದು ಗೊತ್ತಿರಲಿಲ್ಲ. 2025ರ ಬೆಲೆ ನೋಡಿ ಸಸಿ ಇಟ್ಟವರಿಗೆ ಆ ಸಸಿ ಫಲ ಕೊಡುವ ವರ್ಷದ ಬೆಲೆ ಗೊತ್ತಿಲ್ಲ. ಕೋಲಾರದ ಟೊಮೆಟೊ ಇದಕ್ಕಿಂತ ಅವಸರದ್ದು. 2023ರ ಜುಲೈನಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಕೆಲವೇ ತಿಂಗಳಲ್ಲಿ ನೂರರ ಲೆಕ್ಕಕ್ಕೆ ಬಂತು. ಮಾರುಕಟ್ಟೆಯ ಹಿಂದೆ ಓಡುವವನು ಯಾವಾಗಲೂ ಒಂದು ಬೆಳೆಯಷ್ಟು ಹಿಂದೆಯೇ ಉಳಿಯುತ್ತಾನೆ.

ಹಾಗಾದರೆ ಕೆಟ್ಟ ವರ್ಷ ಹೇಗೆ ನಡೆಯುತ್ತದೆ ಎಂದು ನೋಡೋಣ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಅಂಥ ವರ್ಷ ನಮ್ಮ ಸೀಮೆಯ ಸಣ್ಣ ರೈತನ ಮನೆಯಲ್ಲಿ ಮೊದಲು ಹೋಗುವುದು ರಾಗಿ. ರಾಗಿಯ ಜೊತೆ ಹುಲ್ಲೂ ಹೋಗುತ್ತದೆ. ಹುಲ್ಲಿಲ್ಲದೆ ಸಂಕ್ರಾಂತಿ ಕಳೆಯುವಷ್ಟರಲ್ಲಿ ಹಸುವನ್ನು ಸಂತೆಗೆ ಹೊಡೆಯಬೇಕಾಗುತ್ತದೆ. ಎಲ್ಲರೂ ಒಟ್ಟಿಗೆ ಹೊಡೆಯುವುದರಿಂದ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ಹಸು ಹೋದ ಮೇಲೆ ಡೈರಿಯ ಬಟವಾಡೆ ನಿಲ್ಲುತ್ತದೆ. ಬಟವಾಡೆ ನಿಂತರೆ ಉಪ್ಪು ಎಣ್ಣೆಗೂ ಮಕ್ಕಳ ಬಸ್ ಪಾಸಿಗೂ ಕೈಸಾಲವೇ ಗತಿ. ಅಷ್ಟರಲ್ಲಿ ಬೋರ್ ಬತ್ತಿರುತ್ತದೆ. ಮೂವತ್ತು ವರ್ಷದ ತೆಂಗು ಕಣ್ಣೆದುರು ಒಣಗುವುದನ್ನು ನೋಡಲಾರದೆ ಒಡವೆ ಅಡವಿಟ್ಟು ಹೊಸ ಬೋರ್ ಕೊರೆಸುತ್ತಾರೆ. ನೀರು ಬಂದರೂ ಸಾಲ, ಬಾರದಿದ್ದರೂ ಸಾಲ. ಮಳೆ ಕೊಟ್ಟದ್ದು ಒಂದೇ ಏಟು. ಅದು ಹುಲ್ಲು, ಹಸು, ಬಟವಾಡೆ, ಕೈಸಾಲ, ಬೋರ್ ಎಂದು ಐದು ಏಟಾಗಿ ಮನೆಯೊಳಗೆ ನುಗ್ಗಿತು.

ತೆಂಗು ನಂಬಿದವರಿಗೆ ಇನ್ನೊಂದು ತೊಡಕಿದೆ. ಮರದ ಸುಳಿಯೊಳಗೆ ಹೊಂಬಾಳೆಯ ಮೊಳಕೆ ಮೂಡಿದ ಹೊತ್ತಿನಿಂದ ಅದರ ಗೊನೆಯ ಕಾಯಿ ಬಲಿಯುವವರೆಗೆ ಸುಮಾರು ಮೂರೂವರೆ ವರ್ಷ ಬೇಕು. ಆದ್ದರಿಂದ ಬರ ಬಿದ್ದ ವರ್ಷ ಫಸಲು ಅಷ್ಟೊಂದು ಕಡಿಮೆ ಕಾಣದಿರಬಹುದು. ಒಳ್ಳೆ ಮಳೆ ಬಂದು ಎಲ್ಲರೂ ನಿಟ್ಟುಸಿರು ಬಿಟ್ಟ ಮುಂದಿನ ವರ್ಷ, ಅದರ ಮುಂದಿನ ವರ್ಷ ಗೊನೆ ಸಣ್ಣದಾಗುತ್ತದೆ, ಹರಳು ಉದುರುತ್ತದೆ. ನಮ್ಮ ಕಡೆ ಒಂದು ಬರ ಎಂದರೆ ಎರಡು ಮೂರು ವರ್ಷದ ಕೊರತೆ. ಅದಕ್ಕೇ ನಾನು ಒಂದು ಕೆಟ್ಟ ವರ್ಷದ ಲೆಕ್ಕ ಸಾಲದು, ಸತತ ಎರಡು ಕೆಟ್ಟ ವರ್ಷ ಇಟ್ಟುಕೊಂಡು ಲೆಕ್ಕ ಹಾಕಿ ಎನ್ನುವುದು. ಎರಡು ವರ್ಷ ತೆಂಗಿನಿಂದ ಅರ್ಧ ಆದಾಯವೂ ಬಾರದಿದ್ದರೆ ಮನೆ ಯಾವ ತಿಂಗಳವರೆಗೆ ಸಾಲವಿಲ್ಲದೆ ನಡೆಯುತ್ತದೆ? ಈ ಪ್ರಶ್ನೆಗೆ ಉತ್ತರ ಇರುವ ಮನೆ ಅರ್ಧ ಸಿದ್ಧವಾದಂತೆ.

ಉತ್ತರ ಹುಡುಕುತ್ತ ಹೋದರೆ ಕೈಗೆ ಮೊದಲು ಸಿಗುವುದು ರಾಗಿ. ಐದು ಜನರ ಮನೆ, ತಲೆಗೆ ದಿನಕ್ಕೆ 300 ಗ್ರಾಂ ಎಂದುಕೊಂಡರೆ ವರ್ಷಕ್ಕೆ ಐದೂವರೆ ಕ್ವಿಂಟಲ್ ಸಾಕು. ಒಳ್ಳೆಯ ವರ್ಷ ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ ಎಂಟು ಹತ್ತು ಕ್ವಿಂಟಲ್ ಬೆಳೆಯಬಹುದು. ಅಂದರೆ ಒಂದು ಎಕರೆಯ ಒಂದು ಒಳ್ಳೆಯ ಬೆಳೆ ಹೆಚ್ಚುಕಡಿಮೆ ಎರಡು ವರ್ಷದ ಮುದ್ದೆ. ಬೇರೆ ಧಾನ್ಯಗಳಿಗೆ ಹುಳು ಬೀಳುತ್ತದೆ, ಚೆನ್ನಾಗಿ ಒಣಗಿಸಿದ ರಾಗಿ ವರ್ಷಗಟ್ಟಲೆ ಕೆಡದು. ನಮ್ಮ ಹಿರಿಯರು ಅದನ್ನು ಹಗೇವಿನಲ್ಲಿ, ನೆಲದೊಳಗೆ ಮುಚ್ಚಿಟ್ಟು ಬರಗಾಲದಲ್ಲಿ ತೆಗೆಯುತ್ತಿದ್ದರು. ಹಗೇವು ತೋಡಬೇಕೆಂದು ನಾನು ಹೇಳುವುದಿಲ್ಲ, ಡ್ರಮ್ಮು ಸಾಕು. ಬೆಂಬಲ ಬೆಲೆ 2023–24ರಲ್ಲಿ 3,846 ರೂಪಾಯಿ ಇದ್ದದ್ದು 2025–26ಕ್ಕೆ 4,886 ಆಗಿದೆ, ಆದ್ದರಿಂದ ಇದ್ದಷ್ಟನ್ನೂ ಖರೀದಿ ಕೇಂದ್ರಕ್ಕೆ ತುಂಬುವ ಆಸೆ ಸಹಜ. ಆದರೆ ಮನೆಯ ಎರಡು ವರ್ಷದ ರಾಗಿಯನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಮಾರುವ ಪದ್ಧತಿ ಇರುವ ಮನೆಗಳು ಹಸಿವಿಗಾಗಿ ಸಾಲ ಮಾಡಿದ್ದನ್ನು ನಾನು ಕಂಡಿಲ್ಲ.

ರಾಗಿಗಿಂತ ರಾಗಿಹುಲ್ಲಿನ ಬೆಲೆ ಬಹಳ ಜನಕ್ಕೆ ಬರದ ವರ್ಷವೇ ತಿಳಿಯುವುದು. ಒಂದು ಹಸು ದಿನಕ್ಕೆ ಐದಾರು ಕಿಲೋ ಒಣ ಮೇವು ತಿಂದರೆ ವರ್ಷಕ್ಕೆ ಎರಡು ಟನ್. ಅಷ್ಟನ್ನು ಬಣವೆಯಲ್ಲಿ ಹೆಚ್ಚಾಗಿ ಉಳಿಸಿಕೊಂಡವರು ಬರದಲ್ಲಿ ಹಸು ಮಾರುವುದಿಲ್ಲ. ಹಸು ಉಳಿದರೆ ಬಟವಾಡೆ ಉಳಿಯುತ್ತದೆ. ತೆಂಗಿನ ದುಡ್ಡು ವರ್ಷಕ್ಕೆ ಕೆಲವು ಸಲ ಬರುವಂಥದ್ದು, ರಾಗಿಯದು ಒಂದೇ ಸಲ. ವಾರಕ್ಕೋ ಹದಿನೈದು ದಿನಕ್ಕೋ ತಪ್ಪದೆ ಬರುವುದು ಹಾಲಿನದು ಮಾತ್ರ. ಹಿಂಡಿ, ಬೂಸಾದ ಖರ್ಚು ಕಳೆದರೆ ಲಾಭ ಏನೂ ಇಲ್ಲ ಎನ್ನುವವರ ಲೆಕ್ಕ ಒಳ್ಳೆಯ ವರ್ಷಕ್ಕೆ ಸರಿ ಇರಬಹುದು. ಕೆಟ್ಟ ವರ್ಷದಲ್ಲಿ ಆ ಸಣ್ಣ ಬಟವಾಡೆಯೇ ಮನೆಯನ್ನು ಬಡ್ಡಿಯವನ ಬಾಗಿಲಿಗೆ ಹೋಗದಂತೆ ತಡೆಯುತ್ತದೆ. ನಮ್ಮ ಕಡೆಯ ಅಕ್ಕಡಿ ಬೇಸಾಯವೂ ಇದೇ ಬುದ್ಧಿಯದು. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳದ ಸಾಲು ಹಾಕುತ್ತಿದ್ದವರಿಗೆ ಯಾವುದು ಕೈಹಿಡಿಯುತ್ತದೆ ಎಂದು ಗೊತ್ತಿರಲಿಲ್ಲ. ಎಲ್ಲವೂ ಒಟ್ಟಿಗೆ ಕೈಬಿಡುವುದಿಲ್ಲ ಎಂದು ಗೊತ್ತಿತ್ತು. ರಾಗಿ ಕೊಯ್ದ ಮೇಲೂ ಹೊಲದಲ್ಲಿ ನಿಲ್ಲುವ ತೊಗರಿ, ಹಿಂಗಾರಿನ ಒಂದು ಮಳೆಗೆ ಚೇತರಿಸಿಕೊಳ್ಳುವ ಅವರೆ ಆ ತಿಳಿವಳಿಕೆಯ ಫಲ.

ಇನ್ನು ನೀರು. ಈ ವಿಷಯದಲ್ಲಿ ನಮ್ಮ ಭಯ ದೊಡ್ಡದು, ಲೆಕ್ಕ ಚಿಕ್ಕದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ನಾಲ್ಕು ಸಾವಿರ ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವ ಕಡೆ ಎಕರೆಗೆ 24 ಲಕ್ಷ ಲೀಟರ್. ಮೂವತ್ತು ಅಡಿಗೊಂದರಂತೆ ಇಟ್ಟ ತೋಟದಲ್ಲಿ ಎಕರೆಗೆ 48 ತೆಂಗಿನ ಮರ ಇರುತ್ತವೆ. ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ಮರಕ್ಕೆ ದಿನಕ್ಕೆ 50 ಲೀಟರಿನಂತೆ ನೂರು ದಿನ ಕೊಟ್ಟರೆ ಬೇಕಾಗುವುದು 2.4 ಲಕ್ಷ ಲೀಟರ್. ಬಿದ್ದ ಮಳೆಯ ಹತ್ತನೇ ಒಂದು ಪಾಲು! ಮಳೆ ಅರ್ಧಕ್ಕೆ ಅರ್ಧ ಕಡಿಮೆಯಾದ ವರ್ಷವೂ ಅದು ಐದನೇ ಒಂದು ಪಾಲು ಮಾತ್ರ. 21 ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳದ ಕೃಷಿ ಹೊಂಡದಲ್ಲಿ ಸುಮಾರು ಹತ್ತು ಲಕ್ಷ ಲೀಟರ್ ನಿಲ್ಲುತ್ತದೆ. ತಳಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ಆವಿಯಾಗಿ ಅರ್ಧ ಹೋಯಿತು ಎಂದುಕೊಂಡರೂ ಎರಡು ಎಕರೆ ತೆಂಗನ್ನು ಒಂದು ಕಡುಬೇಸಿಗೆ ದಾಟಿಸಬಹುದು. ಇಳಿಜಾರಿಗೆ ಅಡ್ಡಲಾಗಿ ಬದು, ಬದುವಿನ ಪಕ್ಕ ಕಾಲುವೆ, ಮರದ ಬುಡದ ಸುತ್ತ ಗರಿಯ ಮುಚ್ಚಿಗೆ, ಮಣ್ಣಿನೊಳಗೆ ಹೂತ ಕಾಯಿಸಿಪ್ಪೆ ಇದ್ದರೆ ಇಷ್ಟೂ ಬೇಕಾಗದು. ಈ ಕೆಲಸಗಳ ಅಳತೆ, ವಿಧಾನ ಹೇಳಿಕೊಡಲು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಜನರಿದ್ದಾರೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಗಳಿಗೆ ಸಹಾಯಧನ ಕೊಟ್ಟದ್ದೂ ಇದಕ್ಕಾಗಿಯೇ.

ಬೋರ್ ಬೇಡ ಎನ್ನುವ ಹುಂಬತನ ನನಗಿಲ್ಲ. ಇರುವ ಬೋರ್ ಚೆನ್ನಾಗಿರಲಿ. ಆದರೆ ಬರದ ನಡುವೆ, ಬಡ್ಡಿ ದುಡ್ಡಿನಲ್ಲಿ, ಪಾಯಿಂಟ್ ಮಾಡಿಸಿ ಸಾವಿರ ಅಡಿ ಕೊರೆಸುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಕೊರೆತ, ಕೇಸಿಂಗ್, ಮೋಟಾರು, ಕೇಬಲ್ಲು, ಪೈಪು ಎಂದು ಲಕ್ಷಗಳ ಲೆಕ್ಕಕ್ಕೆ ಹೋಗುವ ಆ ಖರ್ಚಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ ತಂದರೆ ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ, ವರ್ಷಕ್ಕೆ ಮೂವತ್ತಾರು ಸಾವಿರ ಬರೀ ಬಡ್ಡಿ. ಸೊಸೈಟಿಯಲ್ಲಿ ಸಕಾಲಕ್ಕೆ ಕಟ್ಟುವ ರೈತನಿಗೆ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲದ ಅವಕಾಶ 2023ರಿಂದ ಇದೆ. ಆ ಮಿತಿಯನ್ನು ಒಳ್ಳೆಯ ವರ್ಷದಲ್ಲಿ ಮದುವೆ, ಬೈಕು ಎಂದು ಖಾಲಿ ಮಾಡಿಕೊಳ್ಳದೆ, ಹಳೆಯದನ್ನು ಸರಿಯಾಗಿ ತೀರಿಸುತ್ತ ಹೋಗುವುದು ಕೂಡ ಒಂದು ಸಿದ್ಧತೆಯೇ. ಅಡಿಕೆಯ ಪ್ರಶ್ನೆಗೂ ನನ್ನ ಉತ್ತರ ಇಲ್ಲಿಂದಲೇ ಹುಟ್ಟುತ್ತದೆ. ಅಡಿಕೆ ಫಲಕ್ಕೆ ಬರಲು ಐದಾರು ವರ್ಷ ಬೇಕು, ಬೇಸಿಗೆಯಲ್ಲಿ ನೀರು ತಪ್ಪಿಸುವಂತಿಲ್ಲ. ಎರಡು ವರ್ಷ ಮಳೆ ಹೋದರೂ ನಿಮ್ಮ ನೀರು ನಿಲ್ಲುತ್ತದೆ, ಐದಾರು ವರ್ಷ ಅದರಿಂದ ಕಾಸು ಬಾರದಿದ್ದರೂ ಮನೆ ನಡೆಯುತ್ತದೆ ಎನ್ನುವುದಾದರೆ ಒಂದು ಮೂಲೆಯಲ್ಲಿ ಇಟ್ಟು ನೋಡಿ. ಇರುವ ತೆಂಗನ್ನು ಪೂರಾ ಕಿತ್ತು, ಸಾಲದ ಬೋರನ್ನು ನಂಬಿ ಇಡುವುದಾದರೆ ಬೇಡ. ಬೆಲೆ ಎಷ್ಟೇ ಇರಲಿ, ಅದು ಮಳೆಯ ಏಟನ್ನೂ ಬಡ್ಡಿಯ ಏಟನ್ನೂ ಒಂದೇ ಗಂಟಿಗೆ ಕಟ್ಟಿದಂತೆ.

ಸಾಲ ನಮ್ಮಿಂದ ಕಸಿಯುವುದು ದುಡ್ಡನ್ನಷ್ಟೇ ಎಂದುಕೊಳ್ಳುತ್ತೇವೆ. ಅದು ಕಾಯುವ ಶಕ್ತಿಯನ್ನೂ ಕಸಿಯುತ್ತದೆ. ತಿಪಟೂರಿನ ಉಂಡೆ ಕೊಬ್ಬರಿಯ ಹಿರಿಮೆಯೇ ಕಾಯುವುದರಲ್ಲಿದೆ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ತಾನಾಗಿ ಬಿಡುತ್ತದೆ. ಆಮೇಲೂ ಬೆಲೆ ನೋಡಿಕೊಂಡು ಸುಲಿಸಬಹುದು. ಅಟ್ಟದ ತುಂಬ ಕಾಯಿ ಇರುವವನಿಗೆ ಇವತ್ತಿನ ಹರಾಜಿನ ಬೆಲೆ ಒಪ್ಪದಿದ್ದರೆ ಮುಂದಿನ ಹರಾಜು ಇದೆ. ತಿಂಗಳ ಬಡ್ಡಿ ಕಟ್ಟಬೇಕಾದವನು ಕಾಯಿ ಬಲಿಯುವ ಮುಂಚೆಯೇ ಎಳನೀರಿಗೆ ಕೊಡುತ್ತಾನೆ, ಇಲ್ಲವೇ ವ್ಯಾಪಾರಿಯಿಂದ ಮುಂಗಡ ತಂದು ಅವನು ಹೇಳಿದ ಬೆಲೆಗೆ ಕೈಮುಗಿಯುತ್ತಾನೆ. 2025ರ ಏರಿದ ಬೆಲೆ ದಕ್ಕಿದ್ದು ಅಟ್ಟದಲ್ಲಿ ಕಾಯಿ ಉಳಿಸಿಕೊಳ್ಳಬಲ್ಲವರಿಗೆ. ಒಳ್ಳೆಯ ಕಾಲ ಬಂದಾಗ ಅದನ್ನು ಹಿಡಿಯುವುದಕ್ಕೂ ಕೆಟ್ಟ ಕಾಲದ ಸಿದ್ಧತೆ ಬೇಕು ಎನ್ನುವುದನ್ನು ಈ ವರ್ಷಗಳು ನಮಗೆ ತೋರಿಸಿಕೊಟ್ಟಿವೆ.

ಸರ್ಕಾರದ ನೆರವು ಇದೆಯಲ್ಲ ಎಂದು ಕೇಳಬಹುದು. ಇದೆ, ಬರಬೇಕು, ಅದು ರೈತನ ಹಕ್ಕು. ಆದರೆ ಎಷ್ಟು ಮತ್ತು ಯಾವಾಗ ಎನ್ನುವುದನ್ನು ತಿಳಿದಿರುವುದು ಒಳ್ಳೆಯದು. 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರದ ಮಾನದಂಡದಂತೆ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾನಿಯಾದ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಎಕರೆಗೆ ಮೂರೂವರೆ ಸಾವಿರವೂ ಆಗದು. 2023ರ ಸೆಪ್ಟೆಂಬರಿನಲ್ಲಿ ಬರ ಘೋಷಣೆಯಾಯಿತು. ರಾಜ್ಯ 18,171 ಕೋಟಿ ರೂಪಾಯಿ ಕೇಳಿ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ ಕೇಂದ್ರದಿಂದ ಮೂರೂವರೆ ಸಾವಿರ ಕೋಟಿಯಷ್ಟು ಬಿಡುಗಡೆಯಾದದ್ದು 2024ರ ಏಪ್ರಿಲ್ ಕೊನೆಗೆ. ನಡುವೆ ರಾಜ್ಯ ಮೊದಲ ಕಂತೆಂದು ರೈತನಿಗೆ ಗರಿಷ್ಠ ಎರಡು ಸಾವಿರ ರೂಪಾಯಿ ಕೊಟ್ಟಿತು. ಬಾಯಾರಿದ ಹಸು ಏಳೆಂಟು ತಿಂಗಳು ಕಾಯಲಾರದು. ಮುಂಗಾರು ರಾಗಿಗೆ ಬೆಳೆ ವಿಮೆ ಮಾಡಿಸಿ ಎಂದು ನಾನು ಒತ್ತಾಯಿಸುತ್ತೇನೆ, ರೈತನ ಪಾಲಿನ ಕಂತು ವಿಮಾ ಮೊತ್ತದ ಶೇ 2 ಮಾತ್ರ. ಅಲ್ಲಿಯೂ ಪರಿಹಾರ ನಿರ್ಧಾರವಾಗುವುದು ಪಂಚಾಯಿತಿ ಮಟ್ಟದ ಬೆಳೆ ಕಟಾವು ಪ್ರಯೋಗದಿಂದ, ಹಣ ಬರುವುದು ತಡವಾಗಿ. ಇವನ್ನೆಲ್ಲ ಮುಂದಿನ ಬಿತ್ತನೆಗೆ ಒದಗುವ ಆಸರೆ ಎಂದು ತಿಳಿಯಬೇಕು. ಈ ಬೇಸಿಗೆ ದಾಟಿಸಲು ಮನೆಯ ಹುಲ್ಲು, ಮನೆಯ ರಾಗಿ, ಮನೆಯ ಹೊಂಡವೇ ಬೇಕು.

ಈ ಅಷ್ಟಿಷ್ಟು ನೆರವೂ ಕೈಗೆ ಬರಬೇಕಾದರೆ ಕಾಗದ ಸರಿ ಇರಬೇಕು. ನನ್ನ ಅನುಭವದಲ್ಲಿ ಅತಿ ಹೆಚ್ಚು ಮನೆಗಳನ್ನು ಅನ್ಯಾಯವಾಗಿ ಕಾಡುವುದು ಇದೇ. ಭೂಮಿ ಯೋಜನೆಯಿಂದ 2000ದ ಹೊತ್ತಿಗೆ ಪಹಣಿಗಳು ಕಂಪ್ಯೂಟರಿಗೆ ಬಂದವು. ಆದರೆ ಎಷ್ಟೋ ಪಹಣಿಗಳಲ್ಲಿ ಇವತ್ತಿಗೂ ಇರುವುದು ತೀರಿಕೊಂಡ ಅಜ್ಜನ ಹೆಸರು. ಉಳುವವನು ಮೊಮ್ಮಗ, ಖಾತೆದಾರ ಅಜ್ಜ. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ರೈತರ ನೋಂದಣಿಯ ಫ್ರೂಟ್ಸ್ ಐಡಿಗೆ ಜಮೀನು ಸೇರುವುದಿಲ್ಲ. ಅದು ಸೇರದಿದ್ದರೆ ಬೆಂಬಲ ಬೆಲೆಯಲ್ಲಿ ರಾಗಿ ಕೊಡುವಂತಿಲ್ಲ, ಬರ ಪರಿಹಾರ ಖಾತೆಗೆ ಬಾರದು, ಬೆಳೆಸಾಲ ಹುಟ್ಟದು. ಬ್ಯಾಂಕು ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಬಡ್ಡಿಯವನ ಬಾಗಿಲು. ಇದನ್ನು ಸರಿಪಡಿಸುವ ದಾರಿಗೆ ಪೌತಿ ಖಾತೆ ಎನ್ನುತ್ತಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಜೋಡಿಸಿ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಕಂದಾಯ ಇಲಾಖೆ ಇದಕ್ಕಾಗಿ ಆಂದೋಲನವನ್ನೇ ನಡೆಸಿದೆ. ಖರ್ಚು ದೊಡ್ಡದಲ್ಲ, ಓಡಾಟವಿದೆ. ಆದರೂ ಜನ ಮುಂದೂಡುವುದಕ್ಕೆ ಕಾರಣ ಓಡಾಟಕ್ಕಿಂತ ಆಳದಲ್ಲಿದೆ. ವಂಶವೃಕ್ಷ ಬರೆಯಲು ಕೂತರೆ ಎಲ್ಲ ವಾರಸುದಾರರ ಹೆಸರು ಬರೆಯಬೇಕು, ಮದುವೆಯಾಗಿ ಹೋದ ಅಕ್ಕತಂಗಿಯರದೂ.

ಇಲ್ಲಿ ಕಾನೂನು ಸ್ಪಷ್ಟವಾಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿ ಬಂತು, ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಕ್ಕನನ್ನು ಕರೆಸಿ, ಬಾಗಿನ ಕೊಟ್ಟು, ಅವಸರದಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಜಾಣತನ ಎಂದುಕೊಂಡ ಮನೆಗಳಲ್ಲಿ ದಾವೆ ಶುರುವಾದದ್ದನ್ನು ನೋಡಿದ್ದೇನೆ. ದಾವೆ ಬಿದ್ದ ಜಮೀನಿಗೆ ಸಾಲ ಸಿಗದು, ಅದರಲ್ಲಿ ಹೊಂಡ ತೋಡಲು ಯಾರಿಗೂ ಮನಸ್ಸು ಬಾರದು. ಅಪ್ಪ ಅಮ್ಮ ಇರುವಾಗಲೇ ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಯಾರಿಗೆ ಏನು, ಉಳುವವರು ಯಾರು, ಉಳದವರಿಗೆ ಸಲ್ಲಬೇಕಾದ್ದು ಹೇಗೆ ಎಂದು ಮಾತಾಡಿ ಮುಗಿಸಿದ ಮನೆಗಳೂ ಇವೆ. ಅಂಥ ಮನೆಯಲ್ಲಿ ಬರ ಬಂದ ವರ್ಷ ಬೆಂಗಳೂರಿನ ತಂಗಿ ಬಡ್ಡಿಯಿಲ್ಲದೆ ದುಡ್ಡು ಕಳಿಸುತ್ತಾಳೆ. 2015–16ರ ಕೃಷಿ ಗಣತಿಯ ಹೊತ್ತಿಗೆ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರಿಗೆ, ಅಂದರೆ ಮೂರು ಎಕರೆ ಹದಿನಾಲ್ಕು ಗುಂಟೆಗೆ ಇಳಿದಿತ್ತು. ಇಷ್ಟು ಸಣ್ಣ ಜಮೀನಿಗೆ ಒಳಜಗಳದ ಏಟನ್ನು ತಾಳುವ ಶಕ್ತಿ ಇಲ್ಲ.

ಮನೆಯೊಳಗಿನ ಇನ್ನೊಂದು ಮೌನವನ್ನೂ ಮುರಿಯಬೇಕು. ಎಷ್ಟು ಸಾಲ ಇದೆ, ಯಾರ ಹತ್ತಿರ ಇದೆ ಎನ್ನುವುದು ಬಹುಪಾಲು ಮನೆಗಳಲ್ಲಿ ಒಬ್ಬ ಗಂಡಸಿನ ತಲೆಯಲ್ಲಿ ಮಾತ್ರ ಇರುತ್ತದೆ. ಆತ ಇದ್ದಕ್ಕಿದ್ದಂತೆ ಹೋದರೆ ಹೆಂಡತಿಗೆ ಸೊಸೈಟಿಯದು ಗೊತ್ತು, ಒಡವೆಯದು ಗೊತ್ತು. ಕೈಸಾಲದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದಾಗ ಯಾವುದು ನಿಜ ಯಾವುದು ಸುಳ್ಳು ಗೊತ್ತಿಲ್ಲ. ಮಕ್ಕಳ ಹಳೆಯ ನೋಟ್‌ಬುಕ್ ಆದರೂ ಸಾಕು. ಸೊಸೈಟಿ, ಬ್ಯಾಂಕು, ಸಂಘ, ಚೀಟಿ, ಕೈಸಾಲ, ಅಡವಿಟ್ಟ ಒಡವೆ, ಕೊಡಬೇಕಾದ್ದು, ಬರಬೇಕಾದ್ದು ಎಲ್ಲವೂ ಅದರಲ್ಲಿ ಇರಲಿ, ಗಂಡ ಹೆಂಡತಿ ಇಬ್ಬರಿಗೂ ತಿಳಿದಿರಲಿ. ಜನ್ ಧನ್ ಖಾತೆಯಲ್ಲಿ ವರ್ಷಕ್ಕೆ 436 ರೂಪಾಯಿ ಕಡಿತಕ್ಕೆ ಒಪ್ಪಿಗೆ ಕೊಟ್ಟರೆ ಜೀವನ್ ಜ್ಯೋತಿ ವಿಮೆಯಲ್ಲಿ ಎರಡು ಲಕ್ಷದ ಭದ್ರತೆ ಇದೆ. 18ರಿಂದ 50ರ ವಯಸ್ಸಿನೊಳಗಿನವರು ಸೇರಬಹುದು. ಸೊಸೈಟಿ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಮತ್ತೆ ಆರಂಭವಾಗಿದೆ. ಮರದಿಂದ ಬಿದ್ದ ಮಗನ ಆಸ್ಪತ್ರೆ ಬಿಲ್ಲಿಗೆ ಜಮೀನು ಹೋಗಬಾರದು ಎನ್ನುವ ದೃಷ್ಟಿಯಿಂದ ಇವನ್ನು ನೋಡಿ. ಆಗ ಕಂತಿನ ಮೊತ್ತ ದೊಡ್ಡದೆನಿಸುವುದಿಲ್ಲ.

ನನ್ನ ಸಲಹೆ ಇಷ್ಟು. ರೋಹಿಣಿ ಮಳೆಗೆ ಮುಂಚೆ ಒಂದು ಸಂಜೆ ಮನೆಯವರೆಲ್ಲ ಕೂಡಿ. ಹೆಂಗಸರು ಅಡುಗೆಮನೆಯಲ್ಲಿ ಉಳಿಯಬಾರದು, ಕಾಲೇಜಿನ ಮಕ್ಕಳೂ ಕೂರಬೇಕು. ಮುಂದಿನ ಎರಡು ವರ್ಷ 2023ರಂತೆಯೇ ಇರುತ್ತವೆ ಎಂದು ಭಾವಿಸಿಕೊಂಡು ತಿಂಗಳು ತಿಂಗಳಿಗೆ ಬರುವುದೆಷ್ಟು, ಹೋಗುವುದೆಷ್ಟು ಬರೆಯಿರಿ. ಕೊರತೆ ಬಿದ್ದರೆ ಯಾವುದನ್ನು ಮೊದಲು ಮಾರುವುದು ಎಂದು ನೆಮ್ಮದಿಯಿರುವಾಗಲೇ ನಿರ್ಧರಿಸಿ. ಮೊದಲು ಕುರಿ, ಆಮೇಲೆ ವಯಸ್ಸಾದ ಹಸು, ಆಮೇಲೆ ಒಡವೆ, ಹಾಲು ಕೊಡುವ ಹಸುವನ್ನು ಮುಟ್ಟುವಂತಿಲ್ಲ, ಜಮೀನಿನ ಮಾತೇ ಇಲ್ಲ ಎಂದು ಬರೆದಿಟ್ಟ ಪಟ್ಟಿ ಕಷ್ಟ ಬಂದ ದಿನ ತಲೆ ಕೆಡದಂತೆ ಕಾಯುತ್ತದೆ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಕೊಳ್ಳುವವರು ಕಾಯುತ್ತಲೇ ಇರುತ್ತಾರೆ, ಒಮ್ಮೆ ಹೋದದ್ದನ್ನು ಮರಳಿ ಕೊಳ್ಳುವ ಶಕ್ತಿ ನಮ್ಮಂಥವರಿಗೆ ಬರುವುದು ಕಷ್ಟ.

ಇವೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲು ಯಾರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ಮೊದಲ ವರ್ಷ ಪೌತಿ ಖಾತೆ ಮುಗಿಸಿ, ಏಕೆಂದರೆ ಸರ್ಕಾರದ, ಬ್ಯಾಂಕಿನ ಬಾಗಿಲುಗಳೆಲ್ಲ ಅದರಿಂದಲೇ ತೆರೆಯುವುದು. ಕೊಬ್ಬರಿಯ ಬೆಲೆ ಏರಿದ ವರ್ಷ ಬಂದ ದುಡ್ಡಿನಲ್ಲಿ ಬಡ್ಡಿ ಸಾಲ ತೀರಿಸಿ, ಏಕೆಂದರೆ ನೂರಕ್ಕೆ ಮೂರರ ಬಡ್ಡಿಯನ್ನು ಮೀರಿಸುವ ಬೆಳೆ ನಮ್ಮ ಸೀಮೆಯಲ್ಲಿ ಇಲ್ಲ. ಆಮೇಲೆ ಒಂದು ವರ್ಷದ ಹೆಚ್ಚಿನ ಹುಲ್ಲು, ಎರಡು ವರ್ಷದ ರಾಗಿ. ಆಮೇಲೆ ಬದು, ಹೊಂಡ. ಹೊಸ ಬೆಳೆಯ ಮಾತು ಕೊನೆಗೆ ಬರಲಿ. ಆ ಹೊತ್ತಿಗೆ ನೀವು ಏನೇ ಬೆಳೆದರೂ, ಅದು ಕೈಕೊಟ್ಟರೆ ಒಂದು ಬೆಳೆ ಹೋಗುತ್ತದೆ, ಮನೆ ಹೋಗುವುದಿಲ್ಲ.